ನೆಲಮಾಳಿಗೆಯ ರೈಲುದಾರಿ

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಕಡಲ ಬದಿಯ ಮಾಂಟೆರೆ ಪಟ್ಟಣದಲ್ಲಿ ಜಾನ್ ಅಲೆನ್ ಎಂಬ ಛಾಯಾಗ್ರಾಹಕನಿದ್ದ. 1913ರಲ್ಲಿ ಹುಟ್ಟಿದ ಆತನ ಹೃದಯ ಬಾಲ್ಯದ ಜ್ವರವೊಂದರಿಂದ ದುರ್ಬಲಗೊಂಡಿತ್ತು. ಮದುವೆಯಾಗಲಿಲ್ಲ. ಆತನ ಸಂಸಾರವೆಲ್ಲ ಒಂದು ರೈಲುದಾರಿ.

1940ರ ದಶಕದಲ್ಲಿ ಆತ ಕಟ್ಟಿದ ಮೊದಲ ಮಾದರಿ ಒಂದು ಮಂಚದಷ್ಟು ಜಾಗದಲ್ಲಿ ಅಡಗುತ್ತಿತ್ತು. 1950ರ ದಶಕದಲ್ಲಿ ಸ್ವಂತ ಮನೆಯ ನೆಲಮಾಳಿಗೆ ದೊರೆತ ಮೇಲೆ, ಆ ಹಳೆಯ ತುಂಡನ್ನೂ ಸೇರಿಸಿಕೊಂಡು ಒಂದು ಸೀಮೆಯನ್ನೇ ಸೃಷ್ಟಿಸತೊಡಗಿದ. ನಿಜವಾದ 87 ಅಡಿ ಅಲ್ಲಿ ಒಂದಡಿ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು, ಆರಡಿಯ ಆಳು ಒಂದಂಗುಲಕ್ಕೂ ಕಡಮೆ. ಆದರೆ ಪರ್ವತಗಳು ಮಾತ್ರ ನೆಲದಿಂದ ಮೇಲೆದ್ದು ಚಾವಣಿಯನ್ನು ಮುಟ್ಟುತ್ತಿದ್ದವು! ಜಾಗ ಸಾಲದ ಕಡೆ ಕನ್ನಡಿಯನ್ನಿರಿಸಿ ಬೀದಿಯನ್ನು ಬೆಳೆಸಿದ.

ಹೊಸದಾಗಿ ಥಳಥಳಿಸುವ ಬಂಡಿ ಆತನಿಗೆ ಹಿಡಿಸದು. ಮಸಿ, ತುಕ್ಕು, ಮಾಸಿದ ಬಣ್ಣ, ವಾಲಿದ ಗೋಡೆ ಇವನ್ನೆಲ್ಲ ಕುಂಚದಿಂದ ತಾಳ್ಮೆಯಾಗಿ ಬಳಿದು ವಸ್ತುಗಳಿಗೆ ವಯಸ್ಸನ್ನು ತಂದುಕೊಟ್ಟ. ಅಂದಿನ ಹವ್ಯಾಸಿಗಳಿಗೆ ಇದೊಂದು ಹೊಸ ಪಾಠವಾಯಿತು. ಗೆಳೆಯರು ಬಂದು ವೇಗವಾಗಿ ಓಡುವ ಗಡಿಯಾರವನ್ನಿಟ್ಟುಕೊಂಡು ವೇಳಾಪಟ್ಟಿಯಂತೆ ಗಾಡಿಗಳನ್ನು ನಡೆಸುತ್ತಿದ್ದರು. ಇಷ್ಟು ಗಾಂಭೀರ್ಯದ ನಡುವೆ ವ್ಯಾಗನ್ನುಗಳನ್ನೆಳೆಯಲು ಎಮ್ಮಾ ಎಂಬ ಡೈನೊಸಾರ್ ಬೇರೆ! ರೈಲುದಾರಿಯ ಹೆಸರು ಗೋರಿ ಅಂಡ್ ಡಿಫೀಟೆಡ್. ಬರೆಯುವ ಅಕ್ಷರಗಳು ಬೇರೆಯಾದರೂ, ಉಚ್ಚರಿಸಿದಾಗ ‘ರಕ್ತಸಿಕ್ತ, ಪರಾಜಿತ’ ಎಂದಾಗುವ ಚೇಷ್ಟೆ. ಕನ್ನಡದ ಕಿವಿಗೆ ‘ಗೋರಿ’ ಎಂಬುದು ಹೊಳೆಯಿಸುವ ಅರ್ಥ ಆತನಿಗೆ ತಿಳಿದಿರಲಾರದು.

1973ರ ಜನವರಿಯಲ್ಲಿ ಅಲೆನ್ ಹೃದಯಾಘಾತದಿಂದ ತೀರಿಕೊಂಡ. ಎರಡು ವಾರ ತುಂಬುವ ಮೊದಲೇ ಮನೆಗೆ ಬೆಂಕಿ ಬಿತ್ತು. ಸುಮಾರು ಇಪ್ಪತ್ತು ವರುಷಗಳ ಪರ್ವತಗಳು, ಸೇತುವೆಗಳು, ಆತ ಬಳಿದಿದ್ದ ಮಸಿ, ಎಲ್ಲವೂ ನಿಜವಾದ ಮಸಿಯಲ್ಲಿ ಬೆರೆತುಹೋದವು. ಯಜಮಾನನಿಲ್ಲದ ಆ ಮಾದರಿಯನ್ನು ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಗೆ ಬೆಂಕಿಯೇ ಉತ್ತರವಿತ್ತಿತೆನ್ನಬೇಕು, ಕ್ರೂರವಾದ ಉತ್ತರ.

ಪುಣ್ಯಕ್ಕೆ ಆತ ಛಾಯಾಗ್ರಾಹಕ. ಹವ್ಯಾಸಿಗಳ ಪತ್ರಿಕೆಗಳಲ್ಲಿ ಚಿತ್ರಗಳು ಆಗಲೇ ಅಚ್ಚಾಗಿದ್ದವು. ಲಿನ್ ವೆಸ್ಟ್‌ಕಾಟ್ ಅವನ್ನು ಬಳಸಿ ರಚಿಸಿದ ಪುಸ್ತಕವೇ 1981ರಲ್ಲಿ ಪ್ರಕಟವಾಯಿತು. ಕಣಿವೆಯ ಮೇಲಣ ಸೇತುವೆಯ ಮೇಲೆ ಗಾಡಿ ಇನ್ನೂ ಹೋಗುತ್ತಲೇ ಇದೆ. ಬೀದಿ ಎಲ್ಲಿ ಮುಗಿಯಿತು, ಕನ್ನಡಿ ಎಲ್ಲಿ ಆರಂಭವಾಯಿತು ಎಂಬುದನ್ನು ಆ ಚಿತ್ರಗಳಲ್ಲಿ ಗುರುತಿಸುವುದು ಸುಲಭವಲ್ಲ.