ಬೀಗ ಹಾಕಿದ ಮನೆಯ ವಿಮೆ

ಕಾಸರಗೋಡಿನ ಈ ಕಡೆ ನಮ್ಮವರ ಬೀಗ ಹಾಕಿದ ಮನೆಗಳನ್ನು ಎಣಿಸಲು ಹೊರಟರೆ ಎರಡು ಕೈಯ ಬೆರಳುಗಳು ಸಾಲವು. ಮೊದಲು ಮಕ್ಕಳು ಮುಂಬಯಿಗೆ ಹೋದರು, ಬಳಿಕ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಅವರೆಲ್ಲ ನಿವೃತ್ತರಾಗಿ ತಿರುಗಿ ಬರುತ್ತಿದ್ದರು. ಈಗ ಇಂಗ್ಲೆಂಡು, ಕೆನಡಾ, ಆಸ್ಟ್ರೇಲಿಯಾಕ್ಕೆ ಹೋದವರು ಅಲ್ಲಿಯ ಪ್ರಜೆಗಳೇ ಆಗಿಬಿಡುತ್ತಾರೆ. ಊರಿನ ಮನೆ ಮಾತ್ರ ಇಲ್ಲಿಯೇ ಉಳಿಯುತ್ತದೆ. ಅದರ ಬೀಗದ ಕೈ ತಮ್ಮನ ಮನೆಯಲ್ಲೋ ನೆರೆಮನೆಯವರ ಕಪಾಟಿನಲ್ಲೋ ಇರುತ್ತದೆ. ಅಂಥ ಒಂದು ಬೀಗದ ಕೈ ನನ್ನ ಬಳಿಯೂ ಇದೆ. ಅದರಿಂದ ನಾನು ಕಲಿತ ಪಾಠವನ್ನು ಓದುಗರೊಡನೆ ಹಂಚಿಕೊಳ್ಳಬೇಕೆನಿಸಿತು. ಇದರಲ್ಲಿ ನನ್ನ ತಪ್ಪೇ ಹೆಚ್ಚು ಎಂದು ಮೊದಲೇ ಹೇಳಿಬಿಡುತ್ತೇನೆ.

ನನ್ನ ಅಕ್ಕ ನರ್ಸ್ ಕೆಲಸಕ್ಕೆಂದು ಇಂಗ್ಲೆಂಡಿಗೆ ಹೋದವಳು ಅಲ್ಲಿಯೇ ನೆಲೆಸಿ ಆ ದೇಶದ ಪೌರತ್ವ ಪಡೆದಳು. ನಮ್ಮ ಕಾನೂನಿನಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಆದುದರಿಂದ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಓ.ಸಿ.ಐ. ಕಾರ್ಡ್ ಮಾಡಿಸಿಕೊಂಡಳು. ಈ ಕಾರ್ಡ್ ಇದ್ದವರು ಇಲ್ಲಿ ವಾಸದ ಮನೆ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಆದರೆ ಹಿರಿಯರಿಂದ ಪಾಲಿಗೆ ಬಂದುದನ್ನು ಇಟ್ಟುಕೊಳ್ಳಬಹುದು. ಅಪ್ಪ ತೀರಿಕೊಂಡ ಮೇಲೆ ಹಳೆಯ ಹಂಚಿನ ಮನೆಯೂ ಅದರ ಹಿಂದಿನ ಅಡಿಕೆ ತೋಟದ ತುಂಡೂ ಅಕ್ಕನ ಪಾಲಿಗೆ ಬಂದವು. ರಸ್ತೆ ಬದಿಯ ಜಾಗದಲ್ಲಿ ನಾನು ಮನೆ ಕಟ್ಟಿಕೊಂಡೆ. "ನೋಡು ಮಾರಾಯ, ಹುಟ್ಟಿದ ಮನೆಗೆ ನಾನೀಗ ಪರದೇಶಿ" ಎಂದು ಅಕ್ಕ ನಗುತ್ತಿದ್ದಳು.

ಮನೆಗೆ ವಿಮೆ ಮಾಡಿಸಬೇಕೆಂದು ಹಟ ಹಿಡಿದವಳು ಅವಳೇ. "ಹಂಚಿನ ಮನೆಗೆ ಯಾರು ವಿಮೆ ಮಾಡಿಸುತ್ತಾರೆ ಅಕ್ಕ?" ಎಂದು ನಾನು ತಮಾಷೆ ಮಾಡಿದ್ದೆ. ಅವಳು ಕೇಳಲಿಲ್ಲ. ಅಲ್ಲಿಂದಲೇ ನನ್ನ ಹೆಸರಿಗೆ ಮುಖ್ತ್ಯಾರನಾಮೆ ಮಾಡಿ, ಭಾರತೀಯ ಹೈಕಮಿಷನ್ನಿನಲ್ಲಿ ದೃಢೀಕರಿಸಿ ಕಳುಹಿಸಿದಳು. ಹೊರದೇಶದಲ್ಲಿ ಬರೆದ ಇಂಥ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದನ್ನೆಲ್ಲ ನಾನು ಸರಿಯಾಗಿಯೇ ಮಾಡಿದೆ. ಪಾಲಿಸಿಯನ್ನೂ ಮನೆಯ ಒಡತಿಯಾದ ಅಕ್ಕನ ಹೆಸರಿನಲ್ಲಿಯೇ ಮಾಡಿಸಿದೆ.

ತಪ್ಪಿದ್ದು ಒಂದೇ ಕಡೆ. ಅರ್ಜಿಯಲ್ಲಿ ಮನೆಯಲ್ಲಿ ಯಾರು ವಾಸವಾಗಿದ್ದಾರೆ ಎಂದು ಕೇಳಿದ್ದರು. ನಾನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. "ಸ್ವಂತ ವಾಸ ಎಂದು ಬರೆಯಿರಿ ಮಾಸ್ಟ್ರೇ, ಎಲ್ಲರೂ ಹಾಗೆಯೇ ಬರೆಯುವುದು" ಎಂದರು ಏಜೆಂಟರು. ಬರೆದು ಸಹಿ ಹಾಕಿದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಬೇಕೆಂದು ಕಲಿಸಿದವನು ನಾನು! ಆ ಎರಡು ಶಬ್ದ ಸುಳ್ಳೆಂದು ಅಂದು ನನಗೆ ಅನಿಸಲೇ ಇಲ್ಲ. ಇಂಗ್ಲಿಷಿನಲ್ಲಿದ್ದ ಪಾಲಿಸಿಯನ್ನು ಓದದೆ ಪೆಟ್ಟಿಗೆಯಲ್ಲಿಟ್ಟೆ. ವರ್ಷ ವರ್ಷ ಪ್ರೀಮಿಯಂ ಕಟ್ಟುತ್ತಾ ಬಂದೆ.

2019ರ ಆಗಸ್ಟ್ ತಿಂಗಳ ಮಳೆ ಕೇರಳದವರಿಗೆ ಮರೆಯುವಂತಹುದಲ್ಲ. ವಯನಾಡಿನ ಪುತ್ತುಮಲ ಮತ್ತು ಮಲಪ್ಪುರಂ ಜಿಲ್ಲೆಯ ಕವಳಪ್ಪಾರದಲ್ಲಿ ಗುಡ್ಡ ಕುಸಿದು ಅನೇಕರು ಮಣ್ಣಿನಡಿ ಸೇರಿದ್ದು ಆಗಲೇ. ಅವರ ದುಃಖದ ಮುಂದೆ ನಮ್ಮದು ಏನೂ ಅಲ್ಲ. ಆ ಮಳೆಗಾಲದ ಒಂದು ರಾತ್ರಿ ಬೀಸಿದ ಗಾಳಿಗೆ ಅಂಗಳದ ಬದಿಯ ದೊಡ್ಡ ಹಲಸಿನ ಮರ ಅಕ್ಕನ ಮನೆಯ ಮೇಲೆ ಬಿತ್ತು. ಚಾವಡಿಯ ಮಾಡು ಪೂರ್ತಿ ಹೋಯಿತು. ಪಕ್ಕಾಸು, ರೀಪುಗಳೆಲ್ಲ ಮುರಿದು, ಹಂಚು ಪುಡಿಯಾಗಿ, ಅಪ್ಪ ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿ ನೀರು ನಿಂತಿತ್ತು.

ಕಂಪೆನಿಗೆ ತಿಳಿಸಿದೆ. ಸರ್ವೇಯರ್ ಬಂದರು. ಒಳ್ಳೆಯ ಮನುಷ್ಯ. ಫೋಟೋ ತೆಗೆದು ಅಳತೆ ಬರೆದುಕೊಂಡ ಮೇಲೆ ಒಳಗಿನ ಗೋಡೆಯನ್ನೇ ನೋಡುತ್ತಾ ನಿಂತರು. ಅಲ್ಲಿ ತೂಗುತ್ತಿದ್ದ ಕ್ಯಾಲೆಂಡರ್ ಜನವರಿ ತಿಂಗಳು ತೋರಿಸುತ್ತಿತ್ತು. ಅಕ್ಕ ಬಂದು ಹೋದ ತಿಂಗಳು ಅದು. "ಇಲ್ಲಿ ಯಾರೂ ವಾಸ ಇಲ್ಲವೇ ಮಾಸ್ಟ್ರೇ?" ಎಂದು ಕೇಳಿದರು. ಇದ್ದಾರೆ ಎನ್ನಲು ನನಗೆ ಬಾಯಿ ಬರಲಿಲ್ಲ.

ಕೆಲವು ವಾರಗಳಲ್ಲಿ ಪತ್ರ ಬಂತು. ಮನೆ 30 ದಿನಗಳಿಗಿಂತ ಹೆಚ್ಚು ಕಾಲ ಖಾಲಿ ಇದ್ದರೆ, ಮೊದಲೇ ಕಂಪೆನಿಯ ಒಪ್ಪಿಗೆ ಪಡೆಯದಿದ್ದಲ್ಲಿ ವಿಮೆ ನಿಂತುಹೋಗುತ್ತದೆ, ಅರ್ಜಿಯಲ್ಲಿ ಬರೆದುದು ಸಹ ಸರಿಯಲ್ಲ, ಆದುದರಿಂದ ಪರಿಹಾರವಿಲ್ಲ. ಪೆಟ್ಟಿಗೆಯಿಂದ ಪಾಲಿಸಿ ತೆಗೆದು ಕನ್ನಡಕ ಹಾಕಿ ಓದಿದೆ. ಆ ಶರತ್ತು ಅಲ್ಲಿಯೇ ಇತ್ತು. ಆ ಕಾಲದ ಬೆಂಕಿ ವಿಮೆಯ ಪಾಲಿಸಿಗಳಲ್ಲೆಲ್ಲ ಅದು ಇರುತ್ತಿತ್ತಂತೆ. ಖಾಲಿ ಮನೆಯಲ್ಲಿ ಹಂಚು ಜಾರಿದರೂ ಒರಲೆ ಹಿಡಿದರೂ ನೋಡುವವರಿಲ್ಲ. ಸಣ್ಣ ಹಾನಿ ದೊಡ್ಡದಾಗುತ್ತದೆ. ಕಂಪೆನಿಯ ಮಾತಿನಲ್ಲಿಯೂ ಅರ್ಥವಿತ್ತು.

ಕೊಚ್ಚಿಯಲ್ಲಿ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ದೂರು ಕೊಡಲು ಖರ್ಚಿಲ್ಲ ಎಂದು ಸ್ನೇಹಿತರೊಬ್ಬರು ಹೇಳಿದರು. ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಅಲ್ಲಿಗೆ ಹೋಗಬಹುದು. ನ್ಯಾಯ ತಮ್ಮ ಕಡೆ ಇರುವವರು ಖಂಡಿತ ಹೋಗಬೇಕು. ನನ್ನ ಸಹಿಯೇ ನನ್ನ ವಿರುದ್ಧ ಇದ್ದುದರಿಂದ ನಾನು ಹೋಗಲಿಲ್ಲ.

ಅಕ್ಕನಿಗೆ ಈ ವರೆಗೆ ಏನನ್ನೂ ಹೇಳಿರಲಿಲ್ಲ. ಮರ ಬಿದ್ದ ವಿಷಯವನ್ನೂ ಸಹ. ಮುಖ್ತ್ಯಾರನಾಮೆ ಇದ್ದುದರಿಂದ ಎಲ್ಲ ಕಾಗದಕ್ಕೂ ನಾನೇ ಸಹಿ ಹಾಕಿದ್ದೆ. ನನ್ನ ಉಳಿತಾಯದ ಹಣದಲ್ಲಿ ಮಾಡು ಸರಿಪಡಿಸಿ, ವಿಮೆಯವರು ಕೊಟ್ಟರು ಎಂದು ಹೇಳಿದರಾಯಿತೆಂದು ಯೋಚಿಸಿದ್ದೆ. ಹೆಂಡತಿಗೆ ಹೇಳಿದಾಗ ಅವಳು ಮೀನು ಕೊಯ್ಯುತ್ತಿದ್ದವಳು ತಲೆಯೆತ್ತಿ, "ಒಂದು ಸುಳ್ಳು ಬರೆದದ್ದಕ್ಕೇ ಇಷ್ಟಾಯಿತು. ಇನ್ನೊಂದು ಬೇಕೇ?" ಎಂದಳು.

ಅಂದು ರಾತ್ರಿ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಮಾತೇ ಇಲ್ಲ. ಲೈನ್ ಕಡಿಯಿತೋ ಎಂದುಕೊಂಡೆ. ಬಳಿಕ ಅಕ್ಕ ಮೆಲ್ಲನೆ ಹೇಳಿದಳು: "ಹಣ ಹೋದರೆ ಹೋಗಲಿ. ಅಪ್ಪನ ಚಾವಡಿ ಬಿದ್ದು ಎರಡು ತಿಂಗಳಾಯಿತು. ನಾನು ಇಲ್ಲಿ ಅದು ಇದೆ ಎಂದುಕೊಂಡೇ ಇದ್ದೆ. ನನಗೂ ಹೇಳಬಾರದಾಗಿತ್ತೇ?" ಆ ಮಾತು ಕಂಪೆನಿಯ ಪತ್ರಕ್ಕಿಂತ ಹೆಚ್ಚು ನೋಯಿಸಿತು. ಸ್ವಲ್ಪ ಹೊತ್ತಿನ ನಂತರ ಅವಳೇ ಮುಂದುವರಿಸಿದಳು: "ಇಲ್ಲಿಯೂ ಹಾಗೆಯೇ. ಮನೆಯನ್ನು 30 ದಿನವೋ 60 ದಿನವೋ ಖಾಲಿ ಬಿಡುವುದಿದ್ದರೆ ವಿಮೆಯವರಿಗೆ ತಿಳಿಸಬೇಕು. ಊರಿಗೆ ಬರುವಾಗಲೆಲ್ಲ ನಾನು ತಿಳಿಸುತ್ತೇನೆ. ನಿನಗೆ ಹೇಳಲು ಮರೆತೆ. ತಪ್ಪು ನನ್ನದೂ ಇದೆ." ರಿಪೇರಿಯ ಖರ್ಚನ್ನು ಇಬ್ಬರೂ ಸಮಪಾಲು ಹಾಕಿಕೊಂಡೆವು.

2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಮನೆ ವಿಮೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತಗಳೆಲ್ಲ ಅದರಲ್ಲಿ ಸೇರಿವೆ. ಹತ್ತು ವರ್ಷಗಳ ವರೆಗೆ ಒಟ್ಟಿಗೆ ಮಾಡಿಸಬಹುದು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೂ ಆ ಮೊತ್ತದ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ ತನಕ ರಕ್ಷಣೆ ಇದೆ. ಹಿಂದಿನ ಪಾಲಿಸಿಯಲ್ಲಿ ಮನೆಯ ಬೆಲೆಯ ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ನಷ್ಟದ ಅರ್ಧವೇ ಸಿಗುತ್ತಿತ್ತು. ಇದರಲ್ಲಿ ಹಾಗೆ ಕಡಿತವಿಲ್ಲ. ಆದರೆ ಕಳ್ಳತನಕ್ಕೆ ಪರಿಹಾರ ಸಿಗುವುದು ಇಂಥ ಅನಾಹುತ ನಡೆದ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಬೀಗ ಹಾಕಿದ ಮನೆಗೆ ಕಳ್ಳತನದ ವಿಮೆ ಬೇಕಿದ್ದರೆ ಬೇರೆಯಾಗಿಯೇ ಕೇಳಬೇಕು.

ಮುಂದಿನ ಸಲ ಅಕ್ಕ ಊರಿಗೆ ಬಂದಾಗ ಹೊಸ ಅರ್ಜಿಯನ್ನು ಅವಳೇ ತುಂಬಿದಳು. "ವರ್ಷದಲ್ಲಿ ಹನ್ನೊಂದು ತಿಂಗಳು ಖಾಲಿ. ಬೀಗದ ಕೈ ತಮ್ಮನ ಬಳಿ. ವಾರಕ್ಕೊಮ್ಮೆ ತೆರೆದು ನೋಡುತ್ತಾನೆ" ಎಂದು ಬರೆದು, ಕಂಪೆನಿಯ ಒಪ್ಪಿಗೆಯನ್ನು ಕಾಗದದಲ್ಲಿಯೇ ತೆಗೆದುಕೊಂಡಳು. ಜಾಗದ ಬೆಲೆ ಸೇರಿಸದೆ, ಮನೆಯನ್ನು ಮತ್ತೆ ಕಟ್ಟಲು ಬೇಕಾಗುವಷ್ಟು ಮೊತ್ತ ಹಾಕಿದಳು. ಮನೆಗೆ ಬಾಗಿದ್ದ ಇನ್ನೊಂದು ಮರದ ಗೆಲ್ಲುಗಳನ್ನು ನಾನು ಕಡಿಸಿದೆ.

ಈಗ ಪ್ರತಿ ಶನಿವಾರ ಹೋಗಿ ಕಿಟಕಿ ತೆರೆಯುತ್ತೇನೆ, ಮಾಡು ನೋಡುತ್ತೇನೆ, ಕಸ ಗುಡಿಸುತ್ತೇನೆ. ಚಾವಡಿಯ ಫೋಟೋ ತೆಗೆದು ಅಕ್ಕನಿಗೆ ಕಳುಹಿಸುತ್ತೇನೆ. ಹಂಚು ಜಾರಿದ್ದರೆ ಅದನ್ನೂ ಕಳುಹಿಸುತ್ತೇನೆ.

ದೂರದಲ್ಲಿರುವ ಅಕ್ಕನದೋ ಅಣ್ಣನದೋ ಮಗಳದೋ ಬೀಗದ ಕೈ ನಿಮ್ಮ ಮನೆಯಲ್ಲಿಯೂ ಇರಬಹುದು. ಈ ವಾರ ಬಿಡುವು ಮಾಡಿಕೊಂಡು ಆ ಪಾಲಿಸಿಯನ್ನು ಹೊರಗೆ ತೆಗೆಯಿರಿ. ಇಂಗ್ಲಿಷ್ ಅರ್ಥವಾಗದಿದ್ದರೆ ಓದಿದ ಮಕ್ಕಳನ್ನು ಕೂರಿಸಿ ಓದಿಸಿರಿ. ವಾಸದ ವಿಷಯದಲ್ಲಿ ಏನು ಬರೆದಿದೆ ನೋಡಿರಿ. ತಪ್ಪಿದ್ದರೆ ಮಳೆಗಾಲಕ್ಕೆ ಮುಂಚೆ ತಿದ್ದಿಸಿರಿ. ಆ ಮೇಲೆ ದೂರದಲ್ಲಿರುವವರಿಗೂ ಒಂದು ಫೋನ್ ಮಾಡಿರಿ.