ಅಗಡಿಯ ಆನಂದವನದಲ್ಲಿ ಒಂದು ಹಗಲು

ವಾಚಕರೇ, ಹಾವೇರಿಯ ಹೆಸರನ್ನು ಕೇಳಿದೊಡನೆ ಏಲಕ್ಕಿಯ ಮಾಲೆಯೂ, ಬ್ಯಾಡಗಿಯ ಹೆಸರನ್ನು ಕೇಳಿದೊಡನೆ ಕೆಂಪು ಮೆಣಸಿನಕಾಯಿಯೂ ನೆನಪಾಗದ ಕನ್ನಡಿಗರು ವಿರಳ. ಆದರೆ ಈ ಪೇಟೆಗಳ ಸೀಮೆಯಲ್ಲಿಯೇ ಇರುವ ಅಗಡಿ ಎಂಬ ಗ್ರಾಮದಿಂದ ಒಂದು ಕಾಲಕ್ಕೆ ಬೇರೊಂದು ಸರಕು ತಿಂಗಳು ತಿಂಗಳಿಗೆ ಟಪಾಲಿನ ಚೀಲದಲ್ಲಿ ನಾಡಿನ ಮನೆಮನೆಗೆ ಹೋಗುತ್ತಿದ್ದಿತೆಂಬದನ್ನು ಇಂದು ಬಲ್ಲವರು ಕಡಿಮೆ. ಆ ಸರಕು ಕಥೆ. ಅದು ಹುಟ್ಟಿದ ಸ್ಥಳವನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವು ನನ್ನಲ್ಲಿ ಬಹುದಿನಗಳಿಂದ ಇದ್ದಿತು. ಶಾಲೆಯ ಸೇವೆಯಿಂದ ನಿವೃತ್ತನಾದ ಮೇಲೆ, ಹೋದ ಮಾಘಮಾಸದಲ್ಲಿ, ಆ ಯೋಗವು ಒದಗಿತು.

ಧಾರವಾಡದಿಂದ ಬೆಳಗಿನ ಗಾಡಿಯಲ್ಲಿ ಹೊರಟು ಹಾವೇರಿಯಲ್ಲಿ ಇಳಿದೆನು. ಅಲ್ಲಿಂದ ಅಗಡಿಯು ದೂರವಲ್ಲ. ಮೋಟಾರಿನ ಕಿಟಕಿಯಿಂದ ನೋಡುತ್ತಿರಲು ಕಪ್ಪು ನೆಲದ ಹೊಲಗಳೂ, ಅಲ್ಲಲ್ಲಿ ಕಣದಲ್ಲಿ ಒಣಗಲು ಹರವಿದ ಮೆಣಸಿನಕಾಯಿಯ ಕೆಂಪು ರಾಶಿಗಳೂ ಕಣ್ಣಿಗೆ ಬೀಳುತ್ತಿದ್ದವು. ನನ್ನ ಚೀಲದಲ್ಲಿ ಎರಡು ಧೋತರ, ಒಂದು ತಂಬಿಗೆ ಹಾಗೂ ಧಾರವಾಡದ ಸ್ನೇಹಿತರೊಬ್ಬರಿಂದ ಬೇಡಿ ತಂದ ಒಂದು ಹಳೆಯ ಪುಸ್ತಕ ಇಷ್ಟೇ ಇದ್ದವು. ಆ ಪುಸ್ತಕದ ಮಾತನ್ನು ಮುಂದೆ ಹೇಳುವೆನು.

ಅಗಡಿಯ ಆನಂದವನವು ಶೇಷಾಚಲ ಸದ್ಗುರುಗಳ ಆಶ್ರಮವು. ಊರಿನ ಗದ್ದಲವು ಅಲ್ಲಿಗೆ ಬಂದು ತಾನಾಗಿ ತಗ್ಗುವದು. ದರ್ಶನವನ್ನು ತೀರಿಸಿಕೊಂಡು ಒಂದು ಮರದ ನೆರಳಿನಲ್ಲಿ ಕುಳಿತೆನು. ಇಲ್ಲಿಂದಲೇ 1907ನೆಯ ಇಸವಿಯಲ್ಲಿ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯು ಹೊರಟಿತು. ಅದಕ್ಕೆ ಜೀವ ತುಂಬಿದವರು ವೆಂಕಟೇಶ ತಿರಕೋ ಕುಲಕರ್ಣಿಯವರು, ಎಂದರೆ ನಮ್ಮೆಲ್ಲರ ಗಳಗನಾಥರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಈ ಮಹನೀಯರು ಮೊದಲು ನನ್ನಂತೆಯೇ ಶಾಲಾಮಾಸ್ತರರಾಗಿದ್ದರು. ವರದಾ ತುಂಗಭದ್ರೆಗಳ ಸಂಗಮದಲ್ಲಿ ಗಳಗೇಶ್ವರನ ಪ್ರಾಚೀನ ದೇವಾಲಯವಿರುವ ಗಳಗನಾಥವೆಂಬ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು.

ಆ ಕಾಲದ ಸ್ಥಿತಿಯನ್ನು ತಿಳಿಯದೆ ಅವರ ಕೆಲಸದ ಬೆಲೆಯು ತಿಳಿಯಲಾರದು. ಈ ಸೀಮೆಯು ಆಗ ಮುಂಬಯಿ ಇಲಾಖೆಗೆ ಸೇರಿದ್ದಿತು. ಓದುಬರಹ ಬಲ್ಲ ಮನೆಗಳಲ್ಲಿ ಮರಾಠಿಗೇ ಅಗ್ರಪೂಜೆ. ಕಾದಂಬರಿಯನ್ನು ಓದಬೇಕೆನಿಸಿದವರು ಹರಿ ನಾರಾಯಣ ಆಪಟೆಯವರ ಮರಾಠಿ ಪುಸ್ತಕಗಳನ್ನು ತರಿಸುತ್ತಿದ್ದರು. ಕನ್ನಡದಲ್ಲಿ ಓದುವವರಿಲ್ಲವೆಂದು ಬರೆಯುವವರು ಸುಮ್ಮನಿದ್ದರು. ಬರೆಯುವವರಿಲ್ಲವೆಂದು ಓದುವವರು ಮರಾಠಿಗೆ ಹೋದರು. ಈ ಚಕ್ರವನ್ನು ಎಲ್ಲಿಯಾದರೂ ಒಂದು ಕಡೆಗೆ ಮುರಿಯಬೇಕಾಗಿದ್ದಿತು. 1898ರಲ್ಲಿ ‘ಪ್ರಬುದ್ಧ ಪದ್ಮನಯನೆ’ಯಿಂದ ಆರಂಭಿಸಿದ ಗಳಗನಾಥರು ಅದನ್ನು ಮುರಿಯುವದರಲ್ಲಿಯೇ ಆಯುಷ್ಯವನ್ನು ಸವೆಸಿದರು. ಆಪಟೆಯವರ ‘ವಜ್ರಾಘಾತ’ವನ್ನು ಅವರು ಕನ್ನಡಕ್ಕೆ ತಂದಾಗ ಅದಕ್ಕೆ ‘ಕನ್ನಡಿಗರ ಕರ್ಮಕಥೆ’ ಎಂದು ಹೆಸರಿಟ್ಟರು. ವಿಜಯನಗರದ ಪತನವು ಅನ್ಯರ ಕಥೆಯಲ್ಲ, ನಮ್ಮ ಮನೆಯದೇ ದುಃಖವೆಂದು ಆ ಹೆಸರೇ ಸಾರಿತು. 1923ರ ‘ಮಾಧವ ಕರುಣಾವಿಲಾಸ’ದಲ್ಲಿ ಅದೇ ಸಾಮ್ರಾಜ್ಯದ ಉದಯವನ್ನು ಕಥೆಯಾಗಿ ಹೆಣೆದರು. ಮುಂದೆ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರಿಗೆ ಹೋಗಿ ಮಾರುತ್ತಿದ್ದರೆಂಬ ಮಾತು ಈ ಕಡೆಗೆ ಇನ್ನೂ ಹಿರಿಯರ ಬಾಯಲ್ಲಿದೆ.

ಈಗಿನ ಗ್ರಂಥಕಾರರ ಹೊಸ ಪುಸ್ತಕದ ಸುದ್ದಿಯು ಕೈಯೊಳಗಿನ ಯಂತ್ರದಲ್ಲಿ ಕ್ಷಣಮಾತ್ರದಲ್ಲಿ ತಿಳಿಯುವದು. ಮರುಕ್ಷಣದಲ್ಲಿ ಮರೆತೂ ಹೋಗುವದು. ಆಗ ಹಾಗಿರಲಿಲ್ಲ. ಮುಂದಿನ ಕಥೆ ಯಾವದು, ನಿಂತ ಪ್ರಕರಣವು ಎಲ್ಲಿಗೆ ಮುಟ್ಟುವದು ಎಂಬದು ಟಪಾಲಿನವನು ಬಂದ ಹೊರತು ತಿಳಿಯುತ್ತಿರಲಿಲ್ಲ. ಮುಗಿಯದ ಕಥೆಯೊಂದು ತಿಂಗಳ ಕಾಲ ಮನೆಯ ಮಾತಿನಲ್ಲಿ ಬೆಳೆಯುತ್ತಿದ್ದಿತು. ಗಳಗನಾಥರು ಕನ್ನಡಿಗರಿಗೆ ಕನ್ನಡದಲ್ಲಿ ಓದುವದನ್ನಷ್ಟೇ ಅಲ್ಲ, ಕನ್ನಡದಲ್ಲಿ ಕಾಯುವದನ್ನೂ ಕಲಿಸಿದರೆಂದು ನನಗೆ ಅನಿಸುತ್ತದೆ.

ಇದಕ್ಕೆ ನನ್ನ ಅಜ್ಜಿಯೇ ಸಾಕ್ಷಿ. ಆಕೆಯು ಸೊಸೆಯಾಗಿ ಬಂದ ಕಾಲಕ್ಕೆ ನಮ್ಮ ಪಡಸಾಲೆಯಲ್ಲಿ ಕಂದೀಲಿನ ಬೆಳಕಿನಲ್ಲಿ ಗಂಡಸರೊಬ್ಬರು ಗಟ್ಟಿಯಾಗಿ ಓದುವರು. ಹೆಂಗಸರು ಬಾಗಿಲ ಮರೆಯಲ್ಲಿ ಕುಳಿತು ಕೇಳುವರು. ಓದುವವರು ಸಂತೆಗೆ ಹೋದರೆ ಕಥೆಯೂ ನಿಲ್ಲುವದು. ಈ ಪರಾಧೀನತೆಯನ್ನು ಸಹಿಸಲಾರದೆ ಅಜ್ಜಿಯು ಮಕ್ಕಳ ಪಾಟಿಯನ್ನು ನೋಡಿ ನೋಡಿ ತಾನೇ ಅಕ್ಷರ ಕಲಿತಳು. ಆಕೆಯ ಪೆಟ್ಟಿಗೆಯಲ್ಲಿ ಮದುವೆಯ ಸೀರೆಯ ಕೆಳಗೆ ‘ಕನ್ನಡಿಗರ ಕರ್ಮಕಥೆ’ಯ ಒಂದು ಪ್ರತಿಯಿದ್ದಿತು. ಕೊನೆಯ ಕೆಲವು ಪುಟಗಳನ್ನು ಗೆದ್ದಲು ತಿಂದಿದ್ದಿತು.

ನಾನು ಸಂಸ್ಕೃತದ ಪರೀಕ್ಷೆಗೆ ಓದುತ್ತಿದ್ದ ದಿನಗಳವು. ಅಜ್ಜಿಯ ಕಣ್ಣು ಮಂಜಾಗಿದ್ದವು. ಒಂದು ಸಂಜೆ ಆಕೆಯು, “ಎಲ್ಲಿಯಾದರೂ ಒಂದು ಪೂರ್ತಿ ಪ್ರತಿ ಸಿಕ್ಕರೆ ಇದರ ಕೊನೆಯನ್ನು ನನಗೆ ಓದಿ ಹೇಳಪ್ಪಾ, ಆಗ ಓದಿದ್ದೆಲ್ಲ ಮರೆತುಹೋಗಿದೆ” ಎಂದಳು. ನಾನು ವಿದ್ಯಾಮದದಿಂದ, “ಅದರಲ್ಲಿ ಹೇಳುವದೇನಿದೆ? 1565ನೆಯ ಇಸವಿಯ ಜನೇವರಿಯಲ್ಲಿ ರಕ್ಕಸತಂಗಡಿಯ ಕಾಳಗವಾಯಿತು, ರಾಮರಾಜನು ಮಡಿದನು, ವಿಜಯನಗರವು ಹಾಳಾಯಿತು. ಇದು ಚಿಕ್ಕ ಹುಡುಗರಿಗೂ ಗೊತ್ತು” ಎಂದುತ್ತರಿಸಿದೆನು. ಅಜ್ಜಿಯು ಸಿಟ್ಟಾಗಲಿಲ್ಲ. “ಊರು ಹಾಳಾದದ್ದು ನನಗೂ ಗೊತ್ತು. ಆ ಮೆಹರ್ಜಾನಳು ಏನಾದಳು?” ಎಂದು ಕೇಳಿದಳು.

ರಾಮರಾಜನು ಪ್ರೀತಿಸಿ ಕೈಬಿಟ್ಟ ಹೆಣ್ಣುಮಗಳವಳು. ಇತಿಹಾಸದ ಪುಸ್ತಕದಲ್ಲಿ ಅವಳಿಗೆ ಸ್ಥಳವಿಲ್ಲ. ನನಗೆ ಉತ್ತರ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಲಿಲ್ಲ. ಮರುವರ್ಷ ಅಜ್ಜಿಯು ತೀರಿಕೊಂಡಳು.

ವಿಚಿತ್ರವೆಂದರೆ, ಆಗ ನಾನು ಓದುತ್ತಿದ್ದದ್ದು ಬಾಣಭಟ್ಟನ ‘ಕಾದಂಬರಿ’. ಆ ನಾಯಿಕೆಯ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಈ ಬಗೆಯ ಗ್ರಂಥಗಳಿಗೆಲ್ಲ ಹೆಸರಾಯಿತು. ಬಾಣನು ಕಥೆಯನ್ನು ಮುಗಿಸದೆಯೇ ತೀರಿಕೊಂಡನು. ಕಥೆಯು ಅರ್ಧಕ್ಕೆ ನಿಂತದ್ದರಿಂದ ಸಜ್ಜನರಿಗೆ ಆದ ದುಃಖವನ್ನು ಕಂಡು ತಾನು ಇದನ್ನು ಕೈಗೆತ್ತಿಕೊಂಡೆನೆಂದು ಅವನ ಮಗನು ಉತ್ತರಭಾಗದ ಆರಂಭದಲ್ಲಿ ಹೇಳಿಕೊಂಡಿದ್ದಾನೆ. ಆ ಶ್ಲೋಕವನ್ನು ನಾನು ಮೂವತ್ತು ವರ್ಷ ಹುಡುಗರಿಗೆ ಅನ್ವಯ, ಪದಚ್ಛೇದ, ಸಮಾಸಸಹಿತ ಕಲಿಸಿದೆನು. ಅದೇ ದುಃಖವು ನಮ್ಮ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ನನ್ನನ್ನು ಬೇಡಿದಾಗ ಮಾತ್ರ ಅದರ ಗುರುತು ನನಗೆ ಹತ್ತಲಿಲ್ಲ.

ಆದುದರಿಂದಲೇ ಪೂರ್ತಿ ಪ್ರತಿಯೊಂದನ್ನು ಹುಡುಕಿ ಅಗಡಿಗೆ ಒಯ್ದಿದ್ದೆನು. ಆ ಮರದ ನೆರಳಿನಲ್ಲಿ ಕುಳಿತು ಕೊನೆಯ ಪ್ರಕರಣಗಳನ್ನು ಓದಿದೆನು. ಮೊದಲು ಮನಸ್ಸಿನಲ್ಲಿ ಓದಿದೆನು. ಆಮೇಲೆ, ಸುತ್ತಲೂ ಯಾರೂ ಇಲ್ಲವೆಂದು ನೋಡಿಕೊಂಡು, ಗಟ್ಟಿಯಾಗಿ ಓದಿದೆನು. ಅದರ ವಾಕ್ಯಗಳು ದೀರ್ಘ. ನಡುನಡುವೆ ಗ್ರಂಥಕಾರರು ಕಥೆಯನ್ನು ನಿಲ್ಲಿಸಿ ನೀತಿಯನ್ನು ಹೇಳುವರು. ಭಾಷೆಯಲ್ಲಿ ಮರಾಠಿಯ ನೆರಳೂ ಇದೆ. ಇಂದಿನ ವಿಮರ್ಶಕರು ಎಣಿಸುವ ಈ ದೋಷಗಳನ್ನೆಲ್ಲ ನಾನೂ ಎಣಿಸಬಲ್ಲೆನು. ಆದರೆ ಕಿವಿಯಿಂದ ಕೇಳುವವರಿಗಾಗಿ ಬರೆದ ಗದ್ಯವನ್ನು ಕಣ್ಣಿನಿಂದ ಓದಿ ತಕ್ಕಡಿಗೆ ಹಾಕುವದು ನ್ಯಾಯವಲ್ಲವೆಂದು ಅಂದು ತಿಳಿಯಿತು. ಬ್ಯಾಡಗಿಯ ಮೆಣಸಿನಕಾಯಿಯಲ್ಲಿ ಖಾರಕ್ಕಿಂತ ಬಣ್ಣವೇ ಹೆಚ್ಚು. ಹಾಗೆಂದು ಅದನ್ನು ಯಾವ ಗೃಹಿಣಿಯೂ ಬೇಡವೆನ್ನುವದಿಲ್ಲ.

ನಾನು ಓದು ನಿಲ್ಲಿಸಿದಾಗ ಹಿಂದೆ ಯಾರೋ ಕೆಮ್ಮಿದರು. ಹೂವು ಮಾರಲು ಬಂದಿದ್ದ ಒಬ್ಬ ಮುದುಕಿಯು ಬುಟ್ಟಿಯನ್ನು ಇಳಿಸಿ ಎಷ್ಟು ಹೊತ್ತಿನಿಂದಲೋ ಅಲ್ಲಿಯೇ ಕುಳಿತಿದ್ದಳು. “ಮುಂದೆ?” ಎಂದಳು. ನಾನು ಸಂಕೋಚದಿಂದ ಮತ್ತೆ ಪುಟವನ್ನು ತಿರುವಿದೆನು. ಈ ಸಲ ಕೇಳುವವರಿದ್ದರು. ಆದುದರಿಂದ ಕೊನೆಯವರೆಗೂ ಸಾವಕಾಶವಾಗಿ, ಒಂದಕ್ಷರವನ್ನೂ ಬಿಡದೆ ಓದಿದೆನು. ಹಾವೇರಿಗೆ ಹೋಗುವ ಒಂದು ಮೋಟಾರು ತಪ್ಪಿತು.

ವಾಚಕರೇ, ಮೆಹರ್ಜಾನಳು ಏನಾದಳೆಂಬದನ್ನು ನಾನಿಲ್ಲಿ ಹೇಳುವದಿಲ್ಲ. ನಿಮ್ಮ ಮನೆಯಲ್ಲಿಯೂ ಒಂದು ಹಳೆಯ ಪೆಟ್ಟಿಗೆಯಿರಬಹುದು. ಕಣ್ಣು ಮಂಜಾದ ಹಿರಿಯರೊಬ್ಬರು ಇರಬಹುದು. ಅವರು ಕಥೆಯ ಕೊನೆಯನ್ನು ಕೇಳಿದರೆ ಇಸವಿಯನ್ನು ಹೇಳಿ ಎದ್ದುಹೋಗಬೇಡಿರಿ. ಸಂಜೆಯ ದೀಪ ಹಚ್ಚಿದ ಮೇಲೆ ಹತ್ತು ಪುಟ ಓದಿರಿ; ನಾಳೆಗೆ ಸ್ವಲ್ಪ ಉಳಿಸಿರಿ.