ಬೆಳುಗುಪ್ಪದಲ್ಲೊಂದು ಹಡಗು

ಕಡಲೆಕಾಯಿಗೆ ಒಂದು ಹದ ಮಳೆ ಬಿದ್ದರೆ ಹಬ್ಬ ಮಾಡುವ ಸೀಮೆ ನಮ್ಮದು. ಇಂಥ ಬೆಳುಗುಪ್ಪದಲ್ಲಿ ಕುಳಿತು ಹಡಗಿನ ಎಣ್ಣೆ ಲೆಕ್ಕ ಹಾಕುವವನನ್ನು ಕಂಡರೆ ಯಾರಿಗೂ ನಗು ಬಂದೀತು. "ಏನ್ ಮೇಷ್ಟ್ರೇ, ಹಡಗು ಎಲ್ಲಿಗೆ ಬಂತು?" ಎನ್ನುತ್ತಾರೆ ಟೀ ಅಂಗಡಿಯಲ್ಲಿ. "ಅರಬ್ಬೀ ಸಮುದ್ರದಾಗೈತೆ" ಎನ್ನುತ್ತೇನೆ. ಒಂದು ನೋಟ್‌ಬುಕ್ಕು, ಒಂದು ಕ್ಯಾಲ್ಕುಲೇಟರು ಇದ್ದರಾಯಿತು. ಈ ಹುಚ್ಚಿಗೆ ನೀರು ಬೇಕಿಲ್ಲ.

ರುಚಿಯೆಲ್ಲ ಒಂದೇ ಸೂತ್ರದಲ್ಲಿದೆ: ದಿನಕ್ಕೆ ಸುಡುವ ಎಣ್ಣೆ ಸುಮಾರಾಗಿ ವೇಗದ ಘನದಂತೆ ಏರುತ್ತದೆ. ನನ್ನ ಕಾಗದದ ಹಡಗು 14 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 26 ಕಿಲೋಮೀಟರಿನಂತೆ, ದಿನಕ್ಕೆ 30 ಟನ್ ಕುಡಿಯುತ್ತದೆ ಅನ್ನಿ. 2016 ನಾಟಿಕಲ್ ಮೈಲಿಗೆ 6 ದಿನ, 180 ಟನ್. ವೇಗವನ್ನು 12ಕ್ಕೆ ಇಳಿಸಿದರೆ ದಿನಕ್ಕೆ 18.9 ಟನ್, 7 ದಿನ ಹಿಡಿದರೂ ಒಟ್ಟು 132. ಒಂದು ದಿನ ತಡವಾದದ್ದಕ್ಕೆ 48 ಟನ್ ಉಳಿತಾಯ! 2008ರ ಆರ್ಥಿಕ ಕುಸಿತದ ನಂತರ ಮೇರ್ಸ್ಕ್‌ನಂಥ ಕಂಪನಿಗಳು ಕಂಟೇನರ್ ಹಡಗುಗಳನ್ನು ಬೇಕೆಂದೇ ನಿಧಾನ ಓಡಿಸಿದ್ದು ಇದೇ ಗುಣಾಕಾರವನ್ನು ನಂಬಿ.

ಹಾಗಾದರೆ ಇನ್ನೂ ನಿಧಾನ ಹೋದರೆ? ಆಟ ಕಳೆಗಟ್ಟುವುದು ಇಲ್ಲಿ. ದೀಪ, ಪಂಪು, ಅಡುಗೆಮನೆಗೆ ಕರೆಂಟು ಕೊಡುವ ಜನರೇಟರು ಹಡಗು ಓಡಲಿ, ನಿಲ್ಲಲಿ, ದಿನದ ಪಾಲು ಬಿಡುವುದಿಲ್ಲ. ಎದುರು ಪ್ರವಾಹ 2 ನಾಟ್ ಇರುವಾಗ ತಾನೂ 2 ನಾಟ್ ಓಡಿದರೆ ಎಣ್ಣೆ ತೀರುತ್ತದೆ, ಬಂದರು ಬರುವುದಿಲ್ಲ. ಘನವನ್ನು ದಾರಿ ಸಾಗುವ ವೇಗದಿಂದ ಭಾಗಿಸಿ ನೋಡಿ: ಎರಡೂವರೆ ನಾಟಿಗೆ 31, 4ಕ್ಕೆ 32, 3ಕ್ಕೆ ಬರೀ 27. ಜನರೇಟರಿನ ಪಾಲು ಬದಿಗಿಟ್ಟರೆ, ಎದುರು ಪ್ರವಾಹ ಎಷ್ಟೇ ಇರಲಿ, ಅಗ್ಗದ ವೇಗ ಅದರ ಒಂದೂವರೆ ಪಟ್ಟು. ಆತುರಗಾರನೂ ಸೋಮಾರಿಯೂ ಒಟ್ಟಿಗೆ ದಂಡ ತೆರುವ ಇಂಥ ಲೆಕ್ಕ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅದೇ ಘನ ನಮ್ಮೂರ ಹೊಲಗಳ ಮೇಲೂ ತಿರುಗುತ್ತಿದೆ. ಗಾಳಿ ಸೆಕೆಂಡಿಗೆ 6 ಮೀಟರಿನಿಂದ 7ಕ್ಕೆ ಏರಿದರೆ ಗಾಳಿ ಫ್ಯಾನಿಗೆ ಸಿಗುವ ಶಕ್ತಿ 1.59 ಪಟ್ಟು, ಹಡಗು 12ರಿಂದ 14ಕ್ಕೆ ಏರಿದಾಗ ಎಣ್ಣೆ ಹೆಚ್ಚಿದ್ದೂ ಅಷ್ಟೇ ಪಟ್ಟು. ಪಡುವಣಕ್ಕೆ ಹೊರಟ ಹಡಗನ್ನು ಎದುರಿನಿಂದ ತಡೆಯುವ ಮುಂಗಾರು ಗಾಳಿಯೇ ಘಟ್ಟ ದಾಟಿ ಬಂದು ಇಲ್ಲಿ ಕರೆಂಟು ಹುಟ್ಟಿಸುತ್ತದೆ. ಆಷಾಢ ಬಂತೆಂದರೆ ನನ್ನ ಎಡಪುಟದಲ್ಲಿ ಊರಿನ ಜಮೆ, ಬಲಪುಟದಲ್ಲಿ ಹಡಗಿನ ಖರ್ಚು. ಇಷ್ಟು ಹೊಂದಿಕೊಳ್ಳುವ ಖಾತೆಯನ್ನು ಬರೆಯದೆ ಬಿಡುವುದು ಹೇಗೆ?